ದಖ್ಖನ್ ಪ್ರಸ್ಥಭೂಮಿ, ಲೋನಾರ್ ಕುಳಿ: ಎರಡೂ ಲಾವಾದಿಂದಲೇ ಆದದ್ದಾ?

ಹೈಸ್ಕೂಲ್_ಭೂಗೋಳ
ಒಂಬತ್ತನೇ ತರಗತಿ ಮಕ್ಕಳಿಗೆ ಭೂಸ್ವರೂಪಗಳ ಚಾರ್ಟ್ ಮತ್ತು ಒಂದೆರಡು ಮಾದರಿ ತಯಾರಾಗಬೇಕು. ಕೈಗೆ ಸಿಕ್ಕ ನೋಟ್ಸಿನಲ್ಲಿ ಮೂರೇ ಸಾಲು ಇದೆ. ಪ್ರಸ್ಥಭೂಮಿ: ಲಾವಾ ಹರಿದು ಆಗುತ್ತದೆ, ಉದಾಹರಣೆ ದಖ್ಖನ್. ಬಯಲು: ನದಿ ಹೂಳು ತುಂಬಿ ಆಗುತ್ತದೆ, ಉದಾಹರಣೆ ಗಂಗಾ ಬಯಲು. ಕುಳಿ: ಜ್ವಾಲಾಮುಖಿಯ ಬಾಯಿ, ಉದಾಹರಣೆ ಲೋನಾರ್.

ಲೋನಾರ್ ಉಲ್ಕಾ ಕುಳಿ ಅನ್ನುವುದು ಗೊತ್ತು. ಆದರೆ ಸುತ್ತಲೂ ನೂರಾರು ಕಿ.ಮೀ. ಬರೀ ಲಾವಾ ಕಲ್ಲೇ ಇರುವಾಗ, ಅದು ಜ್ವಾಲಾಮುಖಿಯದ್ದಲ್ಲ ಅಂತ ಮಕ್ಕಳಿಗೆ ಯಾವ ಸಾಕ್ಷಿ ತೋರಿಸೋದು? ಇನ್ನೊಂದು ಅನುಮಾನ: ತುಮಕೂರು, ಕೋಲಾರ, ಮೈಸೂರು ಕೂಡ ದಖ್ಖನ್ ಪ್ರಸ್ಥಭೂಮಿಯಲ್ಲೇ ಇವೆ. ಅಲ್ಲಿ ಲಾವಾ ಎಲ್ಲಿದೆ?

ಕರಿಕಲ್ಲು_ಕಲಬುರಗಿ
ಸರ್, ಎರಡನೇ ಪ್ರಶ್ನಾಕ್ಕ ಮೊದಲ ಹೇಳ್ತೀನಿ ನೋಡ್ರಿ. ಲಾವಾ ಅದ, ಆದರ ನಮ್ಮ ಕಡಿ ಅಷ್ಟೇ ಅದ. ಬೀದರ್, ಕಲಬುರಗಿಯ ಉತ್ತರ ಭಾಗ, ವಿಜಯಪುರ, ಬೆಳಗಾವಿ, ಬಾಗಲಕೋಟಿದ ಒಂದಿಷ್ಟು. ಅದರ ಕೆಳಗ ಇಳದ್ರ ಲಾವಾ ಮುಗೀತದ. ನಿಮ್ಮ ತುಮಕೂರು, ಕೋಲಾರದಾಗ ಇರೂದು ಗ್ನೈಸ್ (ಕಾವು, ಒತ್ತಡಕ್ಕ ಸಿಕ್ಕು ಬದಲಾದ ಪಟ್ಟಿ ಪಟ್ಟಿ ಕಲ್ಲು) ಮತ್ತ ಗ್ರಾನೈಟ್.

ಹಳೇ_ಬಂಡೆ
ಅವರು ಹೇಳಿದ್ದು ಸರಿ. ನಡುವೆ ಇನ್ನೊಂದು ಪಟ್ಟಿ ಬರುತ್ತೆ, ಅದನ್ನೂ ಚಾರ್ಟಿಗೆ ಹಾಕಿ. ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಭೀಮಾ ತೀರದ ಸುಣ್ಣಕಲ್ಲು, ಬಾದಾಮಿಯ ಗುಹೆ ಕೊರೆದಿರುವುದು ಮರಳುಗಲ್ಲಿನಲ್ಲಿ. ಇವು ಗ್ನೈಸಿನ ಮೇಲೆ ಕೂತ ಹಳೇ ಜಲಜ ಶಿಲೆಗಳು. ಇವುಗಳ ಮೇಲೆ, 6.6 ಕೋಟಿ ವರ್ಷದ ಆಸುಪಾಸಿನಲ್ಲಿ, ಬಸಾಲ್ಟ್ ಅನ್ನುವ ಕಪ್ಪು ಲಾವಾ ಹರಿದು ಮುಚ್ಚಿತು. ಆಗ ಗ್ನೈಸಿಗೆ ಆಗಲೇ ಸುಮಾರು 300 ಕೋಟಿ ವರ್ಷ ವಯಸ್ಸು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಆ ಕಾಲದ್ದು, ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ.

ಹಾಗಾಗಿ ನೋಟ್ಸಿನ ಮೊದಲ ಸಾಲು ಅರ್ಧ ಪ್ರಸ್ಥಭೂಮಿಗಷ್ಟೇ ಹೊಂದುತ್ತೆ. ಉತ್ತರದ್ದು ಪದರದ ಮೇಲೆ ಪದರ ಕೂಡಿ ಎತ್ತರವಾಯಿತು. ದಕ್ಷಿಣದ್ದಕ್ಕೆ ಯಾರೂ ಏನೂ ಸುರಿಯಲಿಲ್ಲ, ಅದು ಸವೆಯುತ್ತಾ ಬಂದಿದೆ, ಜೊತೆಗೇ ಮೇಲೇಳುತ್ತಾ ಬಂದಿದೆ.

ಪ್ರಶ್ನೆ_ಮೂಟೆ
ಸವೆದರೆ ತಗ್ಗಾಗಬೇಕಲ್ವಾ? ಸವೆಯೋದು, ಮೇಲೇಳೋದು ಎರಡೂ ಒಟ್ಟಿಗೆ ಹೇಗೆ?

ಹಳೇ_ಬಂಡೆ
ಭೂಚಿಪ್ಪು ಅದರ ಕೆಳಗಿನ ಮ್ಯಾಂಟಲ್ ಮೇಲೆ ತೇಲುತ್ತಿದೆ ಅಂತಲೇ ಲೆಕ್ಕ. ನೀರಿನದು 1 ಅಂದರೆ ಚಿಪ್ಪಿನ ಸಾಂದ್ರತೆ ಸುಮಾರು 2.7, ಮ್ಯಾಂಟಲ್‌ದು 3.3. ಮೇಲಿಂದ 1000 ಮೀಟರ್ ಕಲ್ಲು ಸವೆದು ಹೋದರೆ ಭಾರ ಇಳಿದು ಚಿಪ್ಪು 2.7/3.3 ಪಾಲು, ಅಂದರೆ 820 ಮೀಟರ್‌ನಷ್ಟು ಮೇಲೇಳುತ್ತೆ. ನೆಲದ ಮಟ್ಟ ನಿಜವಾಗಿ ಇಳಿಯೋದು 180 ಮೀಟರ್. ಇದು ದೊಡ್ಡ ಪ್ರದೇಶಕ್ಕೆ ಅನ್ವಯಿಸುವ ಲೆಕ್ಕ. ಒಂದು ಕಣಿವೆ ಕೊರೆದ ಮಾತ್ರಕ್ಕೆ ಆ ಕಣಿವೆಯಷ್ಟೇ ಜಾಗ ಮೇಲೇಳಲ್ಲ, ಯಾಕೆಂದರೆ ಚಿಪ್ಪು ಗಟ್ಟಿ, ಅಕ್ಕಪಕ್ಕದ ನೂರಾರು ಕಿ.ಮೀ. ಸೇರಿಯೇ ಬಾಗುತ್ತೆ.

ಕ್ಲಾಸಿನಲ್ಲಿ ತೋರಿಸಲು: ಒಂದೇ ಮರದ ನಾಲ್ಕೈದು ಹಲಗೆ ತುಂಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಬಕೆಟ್ ನೀರಿನಲ್ಲಿ ತೇಲಿಸಿ. ಬದಿಯಲ್ಲಿ ಸ್ಕೇಲ್ ಅಂಟಿಸಿ. ಮೇಲಿನ ಒಂದು ಹಲಗೆ ತೆಗೆದು ಮತ್ತೆ ಓದಿ. ಕಟ್ಟು ಅಗಲವಾಗಿರಲಿ. ಎತ್ತರ ಜಾಸ್ತಿ, ಅಗಲ ಕಮ್ಮಿ ಆದರೆ ಮಗುಚಿಕೊಳ್ಳುತ್ತೆ. ಹಲಗೆಯನ್ನು ಮೊದಲೇ ಒಂದು ಗಂಟೆ ನೆನೆಸಿಡಿ, ಇಲ್ಲದಿದ್ದರೆ ನಡುವೆ ನೀರು ಕುಡಿದು ಓದಿದ ಅಂಕಿ ಜಾರುತ್ತಾ ಹೋಗುತ್ತೆ.

ಘಟ್ಟದಂಚು
ದಕ್ಷಿಣದ ಪ್ರಸ್ಥಭೂಮಿ ಎತ್ತರದಲ್ಲಿರುವುದಕ್ಕೆ ಸವೆತದ ಲೆಕ್ಕ ಒಂದೇ ಸಾಲದು. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಅಂಚಿನಿಂದ ಸೀಳಿ ಹೋಯಿತು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಆ ಕಾಲದ ಜ್ವಾಲಾಮುಖಿ ಶಿಲೆ. ಅವನ್ನು ದಖ್ಖನ್ ಲಾವಾ ಅಂತ ಬರೆಯೋರು ಬಹಳ ಮಂದಿ, ದಯವಿಟ್ಟು ಚಾರ್ಟಿನಲ್ಲಿ ಹಾಗೆ ಹಾಕಬೇಡಿ. ಎರಡಕ್ಕೂ ಎರಡು ಕೋಟಿ ವರ್ಷಕ್ಕಿಂತ ಹೆಚ್ಚಿನ ಅಂತರ ಇದೆ. ಹೀಗೆ ಖಂಡ ಸೀಳಿದಾಗ ಸೀಳಿನ ಅಂಚು ಎತ್ತಿಕೊಳ್ಳುತ್ತೆ. ನಮ್ಮ ನೆಲ ಪೂರ್ವಕ್ಕೆ ವಾಲಿರುವುದು, ಅರಬ್ಬಿ ಸಮುದ್ರ ಕಣ್ಣಿಗೆ ಕಾಣುವಷ್ಟು ಹತ್ತಿರ ಹುಟ್ಟಿದ ಕೃಷ್ಣಾ, ಕಾವೇರಿ ಬಂಗಾಳ ಕೊಲ್ಲಿಗೆ ಹರಿಯೋದು, ಎಲ್ಲಾ ಅದರ ಜೊತೆ ಸೇರಿದ್ದೇ.

ಬಯಲುಸೀಮೆ_78
ಪಶ್ಚಿಮ ಘಟ್ಟ ಹಿಮಾಲಯದ ಥರ ಮಡಿಕೆ ಬಿದ್ದು ಎದ್ದ ಪರ್ವತ ಅಲ್ವಾ? ಪರ್ವತಶ್ರೇಣಿ ಅಂತಲೇ ಓದಿದ್ದು.

ಘಟ್ಟದಂಚು
ಇಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆಗೆ ಹೋಗುವ ದಾರಿಯ ಎತ್ತರದ ನಕ್ಷೆ ತೆಗೆದು ನೋಡಿ, ದೊಡ್ಡ ಏರು ಎಲ್ಲೂ ಇಲ್ಲ. ಆಗುಂಬೆ ದಾಟಿದರೆ ಹೆಬ್ರಿ ಕಡೆಗೆ ಒಮ್ಮೆಲೇ ಇಳಿಜಾರು. ಎರಡೂ ಕಡೆ ಇಳಿಜಾರಿರುವ ಪರ್ವತ ಹೀಗಿರಲ್ಲ, ಪ್ರಸ್ಥಭೂಮಿ ಕತ್ತರಿಸಿ ನಿಂತ ಅಂಚು ಹೀಗಿರುತ್ತೆ. ಇದೇ ಅಂಚು ಮಹಾರಾಷ್ಟ್ರದಲ್ಲಿ ಅಡ್ಡಡ್ಡ ಮಲಗಿದ ಬಸಾಲ್ಟ್ ಪದರಗಳಲ್ಲಿದೆ, ಗೋವಾದಿಂದ ಕೆಳಗೆ ಗ್ನೈಸ್, ಶಿಸ್ಟ್‌ಗಳಲ್ಲಿದೆ. ಕಲ್ಲು ಬದಲಾದರೂ ಗೋಡೆ ಮುಂದುವರಿಯುತ್ತೆ ಅಂದರೆ ಅದನ್ನು ಕಲ್ಲಿನ ಮಡಿಕೆ ಮಾಡಿಲ್ಲ.

ಇನ್ನೊಂದು: ಘಟ್ಟದ ಕೆಳಗೆ, ಗೋವಾ ಕಡೆಯ ತಗ್ಗುನೆಲದ ಜಂಬಿಟ್ಟಿಗೆಯಲ್ಲಿರುವ ಮ್ಯಾಂಗನೀಸ್ ಖನಿಜದ ವಯಸ್ಸು ಅಳೆದಾಗ ಸುಮಾರು 4.7 ಕೋಟಿ ವರ್ಷ ಬಂದಿದೆ. ಅಂದರೆ ಆ ಹೊತ್ತಿಗಾಗಲೇ ಕೆಳಗೊಂದು ತಗ್ಗುನೆಲ, ಮೇಲೊಂದು ಎತ್ತರದ ನೆಲ ಎರಡೂ ಇದ್ದವು. ಗೋಡೆ ಹಿಂದೆ ಸರಿಯುವ ದೊಡ್ಡ ಕೆಲಸ ಅಷ್ಟರಲ್ಲೇ ಮುಗಿದಿತ್ತು.

ಕರಿಕಲ್ಲು_ಕಲಬುರಗಿ
ಲಾವಾ ಪ್ರಸ್ಥಭೂಮಿ ಹ್ಯಾಂಗ ಆತು ಅನ್ನೂದನ್ನ ಬಿಡಬ್ಯಾಡ್ರಿ. ಬಾಳ ಮಂದಿ ಒಂದು ದೊಡ್ಡ ಜ್ವಾಲಾಮುಖಿ ಗುಡ್ಡದ ಚಿತ್ರಾ ಬರೀತಾರ. ಹಂಗ ಇರಲಿಲ್ಲ. ನೆಲ ಉದ್ದಕ್ಕ ಸೀಳಿ, ಸೀಳಿನಾಗಿಂದ ತೆಳುವಾದ ಲಾವಾ ಹೊರಬಂತು. ಬಸಾಲ್ಟ್ ಲಾವಾದಾಗ ಸಿಲಿಕಾ ಕಡಿಮಿ, ಅದಕ್ಕ ಅಂಟು ಕಡಿಮಿ, ಅದಕ್ಕ ದೂರ ಹರೀತದ. ರಾಜಮಂಡ್ರಿ ಹತ್ರ ಗೋದಾವರಿ ದಂಡಿಮ್ಯಾಲ ಇರೂ ಬಸಾಲ್ಟ್ ಸುದ್ದಾ ಪಶ್ಚಿಮದಿಂದ ಸಾವಿರ ಕಿ.ಮೀ. ಹರಕೊಂಡು ಹೋದದ್ದು ಅಂತ ರಾಸಾಯನಿಕ ಹೋಲಿಕಿಂದ ತಿಳದದ.

ಅಷ್ಟು ದೂರ ಹೋಗೂತನಕ ಆರದ ಇರೂದು ಹ್ಯಾಂಗ? ಮ್ಯಾಲಿನ ಪದರ ಬೇಗ ಗಟ್ಟಿ ಆಗ್ತದ. ಆ ಗಟ್ಟಿ ಹೊದಿಕಿ ಒಳಗಿನ ಕಾವು ಹೊರಗ ಬಿಡಂಗಿಲ್ಲ. ಒಳಗ ಹೊಸಾ ಲಾವಾ ತುಂಬಿದಂಗ ಮ್ಯಾಲಿನ ಪದರ ಹಂಚಿನ ಮ್ಯಾಲಿನ ರೊಟ್ಟಿ ಉಬ್ಬಿದಂಗ ಮ್ಯಾಲ ಏಳ್ತದ. ಹಿಂಗಾಗಿ ಮೊದಲ ಒಂದೆರಡು ಮೀಟರ್ ಇದ್ದ ಹರಿವು ಹತ್ತಿಪ್ಪತ್ತು ಮೀಟರ್ ದಪ್ಪ ಆಗಿ ನಿಲ್ತದ. ಒಂದು ಹರಿವಿನಾಗ ಮ್ಯಾಲ ಗಾಳಿಗುಳ್ಳಿ ತುಂಬಿದ ಕಲ್ಲು, ನಡುವ ಗಟ್ಟಿ ಕಲ್ಲು, ಬುಡದಾಗ ಮತ್ತ ತುಸು ಗುಳ್ಳಿ. ಎರಡು ಹರಿವಿನ ನಡುವ ಕೆಂಪು ಮಣ್ಣಿನ ಪಟ್ಟಿ ಸಿಕ್ಕರ, ಅಲ್ಲಿ ಮುಂದಿನ ಲಾವಾ ಬರೂತನಕ ಮ್ಯಾಲ್ಮೈ ಹವಾಕ್ಕ ಬಿದ್ದು ಮಣ್ಣಾಗಿತ್ತು ಅಂತ ತಿಳಕೋಬೇಕು.

ಬಾವಿ ತೋಡೂರಿಗೆ ಇದು ನೇರ ಉಪಯೋಗಕ್ಕ ಬರ್ತದ. ನೀರು ಇರೂದು ಗುಳ್ಳಿಕಲ್ಲು, ಬಿರುಕು ಇರೂ ಮ್ಯಾಲಿನ ಪಟ್ಟಿಯೊಳಗ. ನಡುವಿನ ಗಟ್ಟಿ ಕಲ್ಲಿನಾಗ ಬಿರುಕು ಇಲ್ಲಂದ್ರ ಹನಿ ನೀರೂ ಸಿಗಂಗಿಲ್ಲ. ಕೆಂಪು ಪಟ್ಟಿ ಜೇಡಿ ಇದ್ದಂಗ, ನೀರನ್ನ ಕೆಳಗ ಬಿಡಂಗಿಲ್ಲ.

ಪ್ರಶ್ನೆ_ಮೂಟೆ
ಮಹಾಬಲೇಶ್ವರದ ಬೆಟ್ಟಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣೋದು ಇದಕ್ಕೇನಾ?

ಕರಿಕಲ್ಲು_ಕಲಬುರಗಿ
ಹೌದ್ರಿ. ಗಟ್ಟಿ ನಡುಭಾಗ ಕಡಿದಾದ ಗೋಡಿ ಆಗ್ತದ, ಗುಳ್ಳಿಕಲ್ಲು ಮತ್ತ ಕೆಂಪು ಪಟ್ಟಿ ಬೇಗ ಸವದು ಚಪ್ಪಟಿ ಮೆಟ್ಟಲ ಆಗ್ತದ. ಮಹಾಬಲೇಶ್ವರದ ಕಡಿ ಪದರ ಎಲ್ಲಾ ಕೂಡಿ ಒಂದು ಕಿ.ಮೀ.ಗಿಂತ ಜಾಸ್ತಿ ದಪ್ಪ ಕಣ್ಣಿಗೆ ಕಾಣ್ತದ. ನಮ್ಮ ಕಡಿ ಬರೂತನಕ ಅಂಚು ತೆಳ್ಳಗಾಗಿ ಬಿಡ್ತದ.

ಬೀದರ್ ಹೇಳ್ಲಿಕ್ಕೇ ಬೇಕು. ಅಲ್ಲಿ ಬಸಾಲ್ಟಿನ ಮ್ಯಾಲ ಜಂಬಿಟ್ಟಿಗಿ ಟೊಪಗಿ ಅದ. ಜಂಬಿಟ್ಟಿಗಿ ತೂತು ತೂತು, ನೀರು ಇಳೀತದ. ಕೆಳಗಿನ ಬಸಾಲ್ಟ್ ಮಣ್ಣಾಗಿ ಜೇಡಿ ಆಗಿರ್ತದ, ನೀರು ನಿಲ್ತದ. ಆ ಎರಡೂ ಕೂಡೂ ಗೆರಿ ಹಿಡದು ಸುರಂಗ ಬಾವಿ ಕೊರದು ಬೀದರ್ ಕೋಟಿಗೆ ನೀರು ತಂದಿದ್ರು, ಬಹಮನಿ ಕಾಲದಾಗ. ಭೂಸ್ವರೂಪ ಓದಿದ ಎಂಜಿನಿಯರಿಕಿ ಅದು.

ಹೈಸ್ಕೂಲ್_ಭೂಗೋಳ
ಇದೆಲ್ಲಾ ಬಹಳ ಉಪಯೋಗ. ಈಗ ಲೋನಾರ್ ಬಗ್ಗೆ ಹೇಳಿ.

ಕುಳಿ_ಕುತೂಹಲ
ಲೋನಾರ್: ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆ. ಅಡ್ಡಳತೆ ಸುಮಾರು 1.8 ಕಿ.ಮೀ., ಅಂಚಿನಿಂದ ಕೆರೆಯ ಮಟ್ಟಕ್ಕೆ ಹತ್ತಿರ ಹತ್ತಿರ 140–150 ಮೀ. ಅಂಚು ಸುತ್ತಲಿನ ನೆಲಕ್ಕಿಂತ 20–30 ಮೀ. ಎದ್ದಿದೆ.

ಜ್ವಾಲಾಮುಖಿಯದ್ದಲ್ಲ ಅನ್ನೋಕೆ ಮೊದಲ ಸಾಕ್ಷಿ ಕಾಲ. ದಖ್ಖನ್ ಲಾವಾ ನಿಂತು 6 ಕೋಟಿ ವರ್ಷದ ಮೇಲಾಯಿತು. ಅಷ್ಟು ಹಳೆಯ ಕುಳಿಯಾಗಿದ್ದರೆ ಅಂಚು ಸವೆದು, ಹೂಳು ತುಂಬಿ, ಗುರುತೇ ಸಿಗುತ್ತಿರಲಿಲ್ಲ. ಲೋನಾರ್ ಅಂಚು ಇನ್ನೂ ಎದ್ದು ನಿಂತಿದೆ. ಹೊಸದಾಗಿ ಬಾಯಿ ತೆರೆದ ಜ್ವಾಲಾಮುಖಿ ಅನ್ನೋಣ ಅಂದರೆ ಹೊಸ ಲಾವಾ, ಹೊಸ ಬೂದಿ ಇರಬೇಕಲ್ಲ, ಒಂದು ಹಿಡಿಯೂ ಇಲ್ಲ.

ಎರಡನೆಯದು ಅಂಚಿನ ಪದರಗಳು. ಒಳಗೋಡೆಯಲ್ಲಿ ಐದಾರು ಲಾವಾ ಹರಿವು ಕಾಣುತ್ತವೆ. ದೂರದ ನೆಲದಲ್ಲಿ ಅವು ಹೆಚ್ಚುಕಮ್ಮಿ ಮಟ್ಟಸವಾಗಿವೆ, ಅಂಚಿಗೆ ಬಂದಾಗ ಕುಳಿಯಿಂದ ಹೊರಮುಖವಾಗಿ ವಾಲಿವೆ. ಕೆಲವು ಕಡೆ ಪದರ ಪೂರಾ ಮಗುಚಿ ಕೆಳಗಿನದು ಮೇಲೆ ಬಂದಿದೆ. ನೆಲದೊಳಗಿಂದ ಸ್ಫೋಟ ಆಗಿ ಕಲ್ಲು ಹೊರಕ್ಕೆ ಮಡಚಿಕೊಂಡಾಗ ಹೀಗಾಗುತ್ತೆ. ಮೇಲ್ಛಾವಣಿ ಕುಸಿದು ಆಗುವ ಜ್ವಾಲಾಮುಖಿ ಕುಳಿಯಲ್ಲಿ ಪದರ ಒಳಕ್ಕೆ ಜಾರಿರಬೇಕು.

ಮೂರನೆಯದೇ ನಿರ್ಣಾಯಕ, ಅದು ಸೂಕ್ಷ್ಮದರ್ಶಕದ್ದು. 1970ರ ದಶಕದ ಆರಂಭದಲ್ಲಿ ಕೆರೆಯ ತಳ ಕೊರೆದಾಗ ಸುಮಾರು 100 ಮೀ. ಹೂಳಿನ ಕೆಳಗೆ ಚೂರುಚೂರಾದ ಬಸಾಲ್ಟ್ ಸಿಕ್ಕಿತು. ಅದರಲ್ಲಿನ ಪ್ಲೇಜಿಯೋಕ್ಲೇಸ್ ಎಂಬ ಖನಿಜದ ಹರಳು ಆಕಾರ ಹಾಗೇ ಉಳಿದು, ಕರಗದೇ, ಒಳಗಿನ ಜೋಡಣೆ ಕುಸಿದು ಗಾಜಾಗಿತ್ತು. ಇದಕ್ಕೆ ಮ್ಯಾಸ್ಕೆಲಿನೈಟ್ ಅಂತಾರೆ. ಹೀಗಾಗಲು ಸುಮಾರು 3 ಲಕ್ಷ ವಾತಾವರಣದಷ್ಟು ಒತ್ತಡ ಕ್ಷಣಾರ್ಧದಲ್ಲಿ ಬೀಳಬೇಕು. ಯಾವ ಜ್ವಾಲಾಮುಖಿಯೂ ಅಷ್ಟು ಒತ್ತಡ ಹುಟ್ಟಿಸಲ್ಲ. 1973ರಲ್ಲಿ ಇದು ಪ್ರಕಟವಾದ ಮೇಲೆ ವಾದ ಮುಗಿಯಿತು.

ಬಯಲುಸೀಮೆ_78
ಹಾಗಾದ್ರೆ ಉಲ್ಕೆ ಎಲ್ಲಿ? ಕೆರೆ ತಳದಲ್ಲಿ ಹೂತಿದೆಯಾ?

ಕುಳಿ_ಕುತೂಹಲ
ಹೂತಿಲ್ಲ. ಭೂಮಿಗೆ ಬೀಳುವ ಕಲ್ಲಿನ ವೇಗ ಸೆಕೆಂಡಿಗೆ 11 ಕಿ.ಮೀ.ಗಿಂತ ಮೇಲೆ, ಸಾಮಾನ್ಯವಾಗಿ 20ರ ಹತ್ತಿರ. ಸೆಕೆಂಡಿಗೆ 20 ಕಿ.ಮೀ. ವೇಗದ ಒಂದು ಕೆ.ಜಿ. ಕಲ್ಲಿನ ಚಲನಶಕ್ತಿ 20 ಕೋಟಿ ಜೂಲ್, ಅಂದರೆ ಸುಮಾರು 48 ಕೆ.ಜಿ. ಟಿಎನ್‌ಟಿಗೆ ಸಮ. ಬಂದ ಕಲ್ಲು ಬಹುಪಾಲು ಆವಿಯಾಗಿ, ಕರಗಿ, ಚೆದುರಿ ಹೋಗುತ್ತೆ. ಕುಳಿ ತೋಡುವುದು ಆಘಾತದ ಅಲೆ. ಅದಕ್ಕೇ ಕಲ್ಲು ಓರೆಯಾಗಿ ಬಿದ್ದರೂ ಕುಳಿ ದುಂಡಗಿರುತ್ತೆ. ನೆಲಕ್ಕೆ 10–15 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬಂದರೆ ಮಾತ್ರ ಉದ್ದುದ್ದ ಆಗುತ್ತೆ.

ಅರಿಜೋನಾದ ಮೀಟಿಯರ್ ಕ್ರೇಟರ್‌ನಲ್ಲಿ ಬ್ಯಾರಿಂಜರ್ ಎಂಬ ಗಣಿ ಉದ್ಯಮಿ ಇದೇ ತಪ್ಪು ಲೆಕ್ಕ ಹಾಕಿ, ಅಡಿಯಲ್ಲಿ ಕಬ್ಬಿಣದ ದೊಡ್ಡ ಗುಡ್ಡೆ ಇದೆ ಅಂತ ವರ್ಷಗಟ್ಟಲೆ ಕೊರೆಸಿದರು. ಸಿಗಲಿಲ್ಲ. ಅವರಿಗಿಂತ ಮೊದಲು ಗಿಲ್ಬರ್ಟ್ ಎಂಬ ಹೆಸರಾಂತ ಭೂವಿಜ್ಞಾನಿ ಅದು ಉಗಿ ಸ್ಫೋಟದ ಕುಳಿ ಅಂದಿದ್ದರು. 1960ರಲ್ಲಿ ಭೂವಿಜ್ಞಾನಿ ಶೂಮೇಕರ್ ಮತ್ತು ಜೊತೆಗಾರರು ಅಲ್ಲಿ ಕೋಎಸೈಟ್ ಅನ್ನು ಗುರುತಿಸಿದರು. ಅತಿ ಒತ್ತಡದಲ್ಲಿ ಕ್ವಾರ್ಟ್ಜ್ ಬದಲಾಗಿ ಆಗುವ ಖನಿಜ ಅದು.

ಹಳೇ_ಬಂಡೆ
ಒಂದು ಸೇರಿಸಬೇಕು. ಲೋನಾರ್‌ನಲ್ಲಿ ಕೋಎಸೈಟ್ ಹುಡುಕಿ ಉಪಯೋಗ ಇಲ್ಲ, ಬಸಾಲ್ಟ್‌ನಲ್ಲಿ ಕ್ವಾರ್ಟ್ಜ್ ಇಲ್ಲವೆನ್ನುವಷ್ಟು ಕಡಿಮೆ. ಅರಿಜೋನಾದ್ದು ಮರಳುಗಲ್ಲು, ಸುಣ್ಣಕಲ್ಲು. ಬಿದ್ದ ನೆಲ ಯಾವ ಕಲ್ಲಿನದು ಅನ್ನೋದರ ಮೇಲೆ ಯಾವ ಸಾಕ್ಷಿ ಹುಡುಕಬೇಕು ಅನ್ನೋದು ನಿಂತಿದೆ. ಚಂದ್ರನ ಕಪ್ಪು ಬಯಲುಗಳಲ್ಲೂ ಮಂಗಳದಲ್ಲೂ ಬಸಾಲ್ಟೇ ಇರುವುದರಿಂದ, ಅಲ್ಲಿನ ಕುಳಿ ಅರಿಯೋಕೆ ಲೋನಾರ್‌ಗೆ ಅಷ್ಟು ಬೆಲೆ.

ಸಂಜೆಗೆಂಪು
ಲೋನಾರ್ ನೀರು ಗುಲಾಬಿ ಆಗಿತ್ತಲ್ಲ, ಅದೂ ಉಲ್ಕೆಯಿಂದಾನಾ?

ಕುಳಿ_ಕುತೂಹಲ
ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. 2020ರ ಜೂನ್‌ನಲ್ಲಿ ನೀರು ತಗ್ಗಿ ಉಪ್ಪು ಹೆಚ್ಚಿದಾಗ ಉಪ್ಪನ್ನು ಇಷ್ಟಪಡುವ ಸೂಕ್ಷ್ಮಜೀವಿಗಳು ಬೆಳೆದು ಬಣ್ಣ ಬಂತು. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆ ಪರೀಕ್ಷೆ ಮಾಡಿ ಹೇಳಿತು. ಕುಳಿಯ ಪಾತ್ರ ಇಷ್ಟೇ: ಅದರಿಂದ ನೀರು ಹೊರಹೋಗಲು ತೋಡಿಲ್ಲ, ಬಂದ ನೀರು ಆವಿಯಾಗಿಯೇ ಹೋಗಬೇಕು, ಲವಣ ಉಳಿಯುತ್ತೆ.

ಘಟ್ಟದಂಚು
ವಯಸ್ಸು ಎಷ್ಟು ಹಾಕ್ತೀರಿ ಚಾರ್ಟಿನಲ್ಲಿ? 52 ಸಾವಿರ ವರ್ಷ ಅಂತಲೇ ಎಲ್ಲಾ ಕಡೆ ಇದೆ, ನನಗೆ ಅದೇ ಸರಿ ಅನಿಸುತ್ತೆ. ಅಷ್ಟು ತಾಜಾ ಅಂಚು ಬೇರೆ.

ಕುಳಿ_ಕುತೂಹಲ
ಒಪ್ಪಲ್ಲ. 52 ಸಾವಿರ ಬಂದದ್ದು, ಕಾಯಿಸಿದಾಗ ಗಾಜು ಸೂಸುವ ಬೆಳಕು ಅಳೆಯುವ ಥರ್ಮೋಲ್ಯುಮಿನೆಸೆನ್ಸ್‌ನಿಂದ. ಗಾಜಿನಲ್ಲಿ ಕೂಡಿದ ಸಂಕೇತ ಕಾಲಕ್ರಮೇಣ ಸೋರಿಹೋದರೆ ವಯಸ್ಸು ಕಮ್ಮಿ ತೋರಿಸುತ್ತೆ. ಆಮೇಲೆ ಆರ್ಗಾನ್ ವಿಧಾನದಲ್ಲಿ (ಕಾಲ ಕಳೆದಂತೆ ಕಲ್ಲಿನೊಳಗೆ ಕೂಡುವ ಆರ್ಗಾನ್ ಅನಿಲ ಅಳೆಯೋದು) ಆಘಾತಕ್ಕೆ ಕರಗಿ ಗಾಜಾದ ಕಲ್ಲು ಅಳೆದಾಗ ಐದೂವರೆಯಿಂದ ಆರೂವರೆ ಲಕ್ಷ ವರ್ಷದ ನಡುವೆ ಬಂತು.

ಘಟ್ಟದಂಚು
ಆರ್ಗಾನ್‌ಗೂ ಅಪಾಯ ಇದೆಯಲ್ಲ. ಮೂಲ ಕಲ್ಲು 6.6 ಕೋಟಿ ವರ್ಷದ್ದು. ಕರಗಿದಾಗ ಹಳೇ ಆರ್ಗಾನ್ ಪೂರ್ತಿ ಹೊರಹೋಗದಿದ್ದರೆ ವಯಸ್ಸು ಹೆಚ್ಚು ತೋರಿಸುತ್ತೆ.

ಕುಳಿ_ಕುತೂಹಲ
ಅದನ್ನು ಲೆಕ್ಕದಲ್ಲೇ ಬಿಡಿಸಿ ತೆಗೆಯೋಕೆ ಪ್ರಯತ್ನಿಸುತ್ತಾರೆ. ಮಾದರಿಯನ್ನು ಹಂತಹಂತವಾಗಿ ಕಾಯಿಸಿ ಪ್ರತಿ ಹಂತದ ಅನಿಲ ಅಳೆಯೋದು ಅದಕ್ಕೇ. ನನ್ನ ತೂಕ ಆರ್ಗಾನ್ ಕಡೆಗೆ.

ಹೈಸ್ಕೂಲ್_ಭೂಗೋಳ
ಎರಡೂ ಅಂಕಿ ಹಾಕಿ, ಯಾವ ವಿಧಾನ ಅಂತ ಪಕ್ಕದಲ್ಲಿ ಬರೀತೀನಿ. ಬಯಲಿನ ಸಾಲು ಹಾಗೇ ಇರಬಹುದಾ?

ಹಳೇ_ಬಂಡೆ
ಬೇಡ ಸರ್. ಬಯಲಲ್ಲಿ ತುಂಬಿದ ಬಯಲು, ಸವೆದ ಬಯಲು ಎರಡಿವೆ. ಗಂಗಾ ಬಯಲು ತುಂಬಿದ್ದು. ಹಿಮಾಲಯದ ಭಾರಕ್ಕೆ ಭಾರತದ ಫಲಕ ಬಾಗಿ ತಪ್ಪಲಿನ ಮುಂದೆ ಉದ್ದನೆಯ ತಗ್ಗಾಯಿತು, ನದಿಗಳು ಅದನ್ನು ತುಂಬಿದವು. ತಪ್ಪಲಿನ ಹತ್ತಿರ ಹೂಳಿನ ದಪ್ಪ ಕಿಲೋಮೀಟರ್‌ಗಟ್ಟಲೆ. ದಕ್ಷಿಣಕ್ಕೆ ಬಂದಂತೆ ತೆಳ್ಳಗಾಗಿ ಬುಂದೇಲ್‌ಖಂಡದ ಹತ್ತಿರ ಕಲ್ಲು ಮೇಲೆ ಬರುತ್ತೆ.

ರಾಯಚೂರಿನ ಬಯಲು ನೋಡಿ. ಕಣ್ಣಿಗೆ ಅಷ್ಟೇ ಮಟ್ಟ. ಆದರೆ ಕೃಷ್ಣಾ–ತುಂಗಭದ್ರಾ ನಡುವಿನ ಆ ನೆಲ ಬಹುಪಾಲು ಸವೆದು ಮಟ್ಟವಾದ ಗ್ನೈಸ್. ಅಗೆದರೆ ಮೊದಲು ಮಣ್ಣು, ಆಮೇಲೆ ಗರಸು, ಆಮೇಲೆ ಬಿರುಕುಬಿಟ್ಟ ಕಲ್ಲು, ಬಂಡೆ. ನಡುನಡುವೆ ಒಂಟಿ ಗುಡ್ಡಗಳು ನಿಂತಿವೆ. ಬಿರುಕು ಕಡಿಮೆ ಇದ್ದ ಕಡೆ ನೀರು ಒಳಗಿಳಿಯದೆ ಕಲ್ಲು ಕೊಳೆಯಲಿಲ್ಲ, ಸುತ್ತಲಿನದು ಕೊಳೆತು ತೊಳೆದುಹೋಯಿತು. ಸಾವನದುರ್ಗ, ಮಧುಗಿರಿ ಬೆಟ್ಟಗಳದ್ದೂ ಇದೇ ಲೆಕ್ಕ. ಹಂಪಿಯ ಉರುಟು ಬಂಡೆಗಳು ಬಿರುಕು ಅಡ್ಡ–ಉದ್ದ ಹಾಯ್ದು ಚೌಕ ಚೌಕವಾದ ಗ್ರಾನೈಟ್. ಚೌಕದ ಮೂಲೆಗೆ ಮೂರು ಮುಖದಿಂದ ನೀರು ತಾಗುವುದರಿಂದ ಮೂಲೆ ಮೊದಲು ಸವೆಯುತ್ತೆ.

ಬಿಹಾರ್_ಬಲ್ಲವ
ತುಂಬುವ ಕೆಲಸ ಇನ್ನೂ ನಡೀತಾನೇ ಇದೆ ಅಂತಲೂ ಬರೆಯಿರಿ. ಕೋಸಿ ನದಿ ಹೊತ್ತು ತಂದ ಮರಳು ತನ್ನ ಪಾತ್ರದಲ್ಲೇ ಸುರಿದು ಪಾತ್ರವನ್ನೇ ಸುತ್ತಲಿನ ನೆಲಕ್ಕಿಂತ ಎತ್ತರ ಮಾಡಿಕೊಳ್ಳುತ್ತೆ. ಒಡ್ಡು ಕಟ್ಟಿದ ಮೇಲೆ ಹೂಳು ಹರಡಲು ಜಾಗ ಇಲ್ಲದೆ ಅದು ಇನ್ನೂ ಬೇಗ ಏರುತ್ತೆ. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಒಡ್ಡು ಒಡೆದು, ನದಿ ನೂರು ಕಿ.ಮೀ.ಗಿಂತ ಹೆಚ್ಚು ಪೂರ್ವಕ್ಕೆ, ಹಿಂದೆ ಬಿಟ್ಟುಹೋದ ಹಳೇ ದಾರಿಗಳ ಕಡೆ ಹೊರಳಿತು. ಬೀಸಣಿಗೆ ಆಕಾರದ ಬಯಲು ಆಗೋದು ಹೀಗೆ ಹೊರಳಿ ಹೊರಳಿಯೇ.

ಹೈಸ್ಕೂಲ್_ಭೂಗೋಳ
ಕುಳಿಯ ಮಾದರಿಗೆ ತಟ್ಟೆಯಲ್ಲಿ ಹಿಟ್ಟು ಹಾಕಿ ಗೋಲಿ ಬೀಳಿಸೋದು ಅಂದುಕೊಂಡಿದ್ದೆ.

ಕುಳಿ_ಕುತೂಹಲ
ಮಾಡಿ. ತಟ್ಟೆ ಬೇಡ, ಆಳದ ಟಬ್ ತಗೊಳ್ಳಿ. ಪುಡಿ ಕನಿಷ್ಠ 8–10 ಸೆಂ.ಮೀ. ಇರಲಿ, ಇಲ್ಲದಿದ್ದರೆ ಗೋಲಿ ತಳಕ್ಕೆ ಬಡಿದು ಕುಳಿ ಚಪ್ಪಟೆಯಾಗುತ್ತೆ. ಹಿಟ್ಟಿಗಿಂತ ಒಣ ನುಣುಪು ಮರಳು ಒಳ್ಳೇದು, ಹಿಟ್ಟು ತೇವ ಹೀರಿ ಗಂಟಾಗುತ್ತೆ. ಮೇಲೆ ಅರ್ಧ ಸೆಂ.ಮೀ. ಬಣ್ಣದ ರಂಗೋಲಿ ಪುಡಿ ಜರಡಿಯಲ್ಲಿ ಉದುರಿಸಿ. ಒಂದೂವರೆ–ಎರಡು ಮೀಟರ್ ಎತ್ತರದಿಂದ ಗೋಲಿ ಬಿಟ್ಟರೆ ಒಳಗಿನ ಮರಳು ಬಣ್ಣದ ಮೇಲೆ ಸಿಡಿದು ಬೀಳೋದು, ಅಂಚು ಏಳೋದು ಕಾಣುತ್ತೆ. ಕಣ್ಣಿಗೆ ಕನ್ನಡಕ ಕಡ್ಡಾಯ.

ಗೋಲಿ ಉಳಿಯುತ್ತೆ, ನಿಜದಲ್ಲಿ ಕಲ್ಲು ಉಳಿಯಲ್ಲ ಅನ್ನೋದನ್ನ ಬಾಯಲ್ಲಿ ಹೇಳಲೇಬೇಕು. ಗೋಲಿಯ ವೇಗ ಸೆಕೆಂಡಿಗೆ ಆರು ಮೀಟರ್ ಆಸುಪಾಸು, ಅದರಿಂದ ಆಘಾತದ ಅಲೆ ಹುಟ್ಟಲ್ಲ. ಓರೆ ಎಸೆದರೆ ಉದ್ದನೆಯ ಗುಂಡಿ ಆಗುವುದೂ ಅದಕ್ಕೇ.

ಪ್ರಶ್ನೆ_ಮೂಟೆ
ಎಲ್ಲಾ ಉಲ್ಕಾ ಕುಳಿಯೂ ಬಟ್ಟಲಿನಂತೆಯೇ ಇರುತ್ತಾ?

ಕುಳಿ_ಕುತೂಹಲ
ಭೂಮಿಯ ಮೇಲೆ ಗಟ್ಟಿ ಕಲ್ಲಿನಲ್ಲಿ ಸುಮಾರು 4 ಕಿ.ಮೀ. ಅಡ್ಡಳತೆವರೆಗೆ ಬಟ್ಟಲು. ಅದಕ್ಕಿಂತ ದೊಡ್ಡದಾದರೆ ಗೋಡೆ ತನ್ನ ಭಾರಕ್ಕೇ ಕುಸಿದು ಮೆಟ್ಟಿಲಾಗುತ್ತೆ, ತಳ ಮಧ್ಯದಲ್ಲಿ ಉಬ್ಬಿ ದಿಬ್ಬ ಏಳುತ್ತೆ. ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಢಾಲಾ ಆ ಜಾತಿಯದು, ಅಡ್ಡಳತೆ ಸುಮಾರು 11 ಕಿ.ಮೀ.

ಘಟ್ಟದಂಚು
ಅಡ್ಡಕೊಯ್ತದ ಚಿತ್ರ ಬರೆಯುವಾಗ ಒಂದು ಎಚ್ಚರಿಕೆ. ಇಸ್ರೋದ ಭುವನ್ ತಾಣದಲ್ಲಿ ಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತೆ, ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ತೆರೆದು ಮಲ್ಪೆಯಿಂದ ಬೆಂಗಳೂರಿಗೆ ಗೆರೆ ಎಳೆದರೆ ಏರಿಳಿತ ಬರುತ್ತೆ. 300 ಕಿ.ಮೀ. ಉದ್ದ, ಒಂದು ಕಿ.ಮೀ. ಎತ್ತರ. ಒಂದೇ ಅಳತೆಯಲ್ಲಿ ಬರೆದರೆ ಘಟ್ಟ ಕಾಣುವುದೇ ಇಲ್ಲ, ಎತ್ತರವನ್ನು 20–30 ಪಟ್ಟು ಹಿಗ್ಗಿಸಬೇಕು. ಹಿಗ್ಗಿಸಿದ್ದು ಎಷ್ಟು ಅಂತ ಚಿತ್ರದ ಮೂಲೆಯಲ್ಲಿ ಬರೆಯಿರಿ. ಲೋನಾರ್‌ಗೆ ಹಿಗ್ಗಿಸೋದು ಬೇಡ. 1.8 ಕಿ.ಮೀ.ಗೆ 150 ಮೀ. ಇದ್ದ ಹಾಗೇ ಬರೆದರೂ ಕಾಣುತ್ತೆ, ಹಿಗ್ಗಿಸಿದರೆ ಮಕ್ಕಳು ಅದನ್ನು ಬಾವಿ ಅಂದುಕೊಳ್ಳುತ್ತಾರೆ.

ಹೈಸ್ಕೂಲ್_ಭೂಗೋಳ
ಎರಡು ಅಡ್ಡಕೊಯ್ತ ಬೇರೆ ಬೇರೆ ಹಾಳೆಯಲ್ಲಿ ಮಾಡ್ತೀನಿ. ಬೀದರ್‌ದು ಮೂರನೆಯದು, ಜಂಬಿಟ್ಟಿಗೆ ಎಷ್ಟು ದಪ್ಪ ಹಾಕಲಿ?

ಕರಿಕಲ್ಲು_ಕಲಬುರಗಿ
ಜಾಗಾದಿಂದ ಜಾಗಾಕ್ಕ ಬದಲಾಗ್ತದ್ರಿ, ಒಂದೇ ಅಂಕಿ ಹಾಕಬ್ಯಾಡ್ರಿ. ಹತ್ತಾರು ಮೀಟರ್ ಅಂತ ಬರದು, ಬುಡದಾಗ ಜೇಡಿ ಪಟ್ಟಿ ಬ್ಯಾರೆ ಬಣ್ಣದಾಗ ತೋರಸ್ರಿ. ಸುರಂಗ ಬಾವಿ ಗೆರಿ ಆ ಪಟ್ಟಿಯ ನೆತ್ತಿಮ್ಯಾಲ ಬರಬೇಕು.